ರಾಳಕ್ಕೆ ಗಾಜಿನ ವೇಷ ಹಾಕೆಡಿ

ಮನ್ನೆ ನೆರೆಕರೆಲಿ ಒಂದು ಪೂಜೆಗೆ ಹೋಗಿತ್ತಿದ್ದೆಯೊ. ಹೆಮ್ಮಕ್ಕೊ ಎಲ್ಲ ಒಳ ಕೂದು ಬಾಳೆಲೆ ಉದ್ದಿಗೊಂಡಿಪ್ಪಗ ಆ ಮನೆಯ ಹೊಸ ಸೊಸೆ ಮೊಬೈಲು ತಂದು ಒಂದು ಪಟ ತೋರ್ಸಿತ್ತು. ಅದರ ಮದುವೆ ಮಾಲೆಯ ಹೂಗುಗಳ ಗಾಜಿನ ಹಾಂಗಿಪ್ಪ ಒಂದು ಗಟ್ಟಿಯ ಒಳ ಹಾಕಿ ಮಡುಗಿದ್ದವಡ. ಬೆಂಗ್ಳೂರಿಲ್ಲಿ ಮಾಡ್ಸಿದ್ದಡ. ಪೈಸೆ ಎಷ್ಟಾತು ಕೇಳಿದ್ದಕ್ಕೆ ಅದು ಹೇಳಿದ ಲೆಕ್ಕ ಕೇಳಿ ದೊಡ್ಡತ್ತೆಯ ಕೈಲಿಪ್ಪ ಬಾಳೆಲೆ ಸರಕ್ಕನೆ ಹರುದತ್ತು.

"ಅದೆಂತರ ಕೂಸೇ ಅದು?" ಕೇಳಿದವು ದೊಡ್ಡತ್ತೆ.

"ರೆಸಿನ್, ಅಜ್ಜಿ."

"ರೆಸಿನ್ ಹೇಳಿರೆ?"

"ರಾಳ ಹೇಳ್ಲಕ್ಕು."

"ರಾಳವೊ! ಎಂಗಳ ಗುಡ್ಡೆಲಿ ದೂಪದ ಮರಂದ ಅದು ಸುಮ್ಮನೆ ಇಳಿತ್ತು. ಅದಕ್ಕೆ ಅಷ್ಟು ಪೈಸೆ ಎಂತಕೆ ಕೊಟ್ಟದು ನಿಂಗೊ?"

ಎಲ್ಲೋರು ನೆಗೆ ಮಾಡಿದವು. ಆನುದೇ ಮಾಡಿದೆ. ಆದರೆ ಎನ್ನ ನೆಗೆ ರಜ್ಜ ಸಣ್ಣ ಆತು. ಎಂತಕೆ ಹೇಳಿರೆ ದೊಡ್ಡತ್ತೆ ಕೇಳಿದ ಅದೇ ಪ್ರಶ್ನೆಯ ಆನು ಕಳುದ ಆರು ತಿಂಗಳಿಂದ ಎಂಗಳ ಹಟ್ಟಿಯ ಕರೆಲಿ ಒಂದು ಹಳೆ ಬಣಾಲೆ ಮಡುಗಿಗೊಂಡು, ಕೈ ಸುಟ್ಟುಗೊಂಡು, ಮನೆಯವರ ಹತ್ತರೆ ಬೈಗಳು ತಿಂದೊಂಡು ಕೇಳ್ತಾ ಇದ್ದೆ. ಅಂದು ಅಲ್ಲಿ ಬಾಯಿ ಬಿಟ್ಟು ಹೇಳ್ಲೆ ನಾಚಿಕೆ ಆತು. ಇಂದು ಬರೆತ್ತೆ.

ಎನ್ನ ಅಭಿಪ್ರಾಯವ ಮದಾಲೇ ಹೇಳಿಬಿಡ್ತೆ. ನಮ್ಮ ದೂಪದ ರಾಳ ಕೆಂಡಕ್ಕೆ ಹಾಕಲೆ ಮಾಂತ್ರ ಇಪ್ಪದಲ್ಲ, ಅದರಲ್ಲಿ ಕೈಕೆಲಸವೂ ಧಾರಾಳ ಮಾಡ್ಲೆ ಎಡಿಗು. ಆದರೆ ಪೇಟೆಯ ರೆಸಿನ್ನಿನ ವೇಷ ಹಾಕುಸಲೆ ಹೆರಟರೆ ರಾಳವೂ ಹಾಳು, ಅದರ ಒಳ ಮಡುಗಿದ್ದೂ ಹಾಳು. ಮತ್ತೆ "ನೈಸರ್ಗಿಕ" ಹೇಳ್ತ ಒಂದು ಶಬ್ದವ ನಂಬಿ ಕಣ್ಣು ಮುಚ್ಚಿರೆ ಮನೆಯೂ ಸುಡುಗು, ಮರವೂ ಸಾಯಿಗು. ಈ ಮೂರೂ ಮಾತು ಎನಗೆ ಪುಸ್ತಕಂದ ಬಂದದಲ್ಲ, ಹಾಳು ಮಾಡಿ ಮಾಡಿ ಬಂದದು.

ಸುರುವಾದ್ದು ಹೇಂಗೆ ಹೇಳ್ತೆ. ಎನ್ನ ಅಬ್ಬೆ ತೀರಿಹೋಗಿ ಎರಡು ವರ್ಷ ಆತು. ಅವರ ವಸ್ತು ಹೇಳಿ ಎನ್ನ ಹತ್ತರೆ ಇಪ್ಪದು ಎರಡೇ. ಒಂದು ಹಲಸಿನ ಮರದ ಮರಿಗೆ. ಅದರಲ್ಲಿ ಅವು ಅವಲಕ್ಕಿ ಬೆರುಸುಗು, ನವರಾತ್ರಿಗೆ ಹೂಗು ತುಂಬುಸುಗು. ಅಟ್ಟಲ್ಲಿ ಒಣಗಿ ಒಣಗಿ ಅದರ ಅಡಿಲಿ ಬೆರಳುದ್ದದ ಬಿರುಕು ಬಿಟ್ಟಿದು. ಇನ್ನೊಂದು, ಎನ್ನ ಮಗನ ಉಪನಯನಕ್ಕೆ ಅವು ಕೈಯಾರೆ ಕಟ್ಟಿದ ಅಬ್ಬಲಿಗೆ ಮಾಲೆ. ಬಾಳೆ ಬಳ್ಳಿಲಿ ಕಟ್ಟಿದ್ದು. ಒಣಗಿ ಕಾಗದದ ಹಾಂಗೆ ಆಯಿದು, ಬಣ್ಣ ಹೋಗಿ ಕಂದು ಆಯಿದು, ಆದರೆ ಗೆಂಟು ಒಂದೂ ಬಿಟ್ಟಿದಿಲ್ಲೆ. ಬಿಸ್ಕೆಟಿನ ತಗಡಿನ ಡಬ್ಬಿಲಿ ಮಡುಗಿದ್ದೆ.

ಮಗಳು ಬೆಂಗ್ಳೂರಿಲ್ಲಿ ಕೆಲಸಲ್ಲಿ ಇಪ್ಪದು. ಶನಿವಾರ ಆದಿತ್ಯವಾರ ಅದುದೇ ಈ ರೆಸಿನ್ನಿನ ಕೆಲಸ ಮಾಡ್ತು. ಕೆಮಿಗೆ ಹಾಕುವ ಓಲೆ, ಬೀಗದ ಕೈ ನೇಲುಸುವ ಗೊಂಚಲು, ತಟ್ಟೆ, ಹೀಂಗಿಪ್ಪದರ ಮಾಡಿ ಮಾರುತ್ತು. ಎರಡು ಕುಪ್ಪಿ ಬತ್ತು. ಒಂದರಲ್ಲಿ ಎಪಾಕ್ಸಿ, ಇನ್ನೊಂದರಲ್ಲಿ ಅದರ ಗಟ್ಟಿ ಮಾಡುವ ಮದ್ದು. ಅಳತೆ ಮಾಡಿ ಬೆರುಸಿ ಅಚ್ಚಿಂಗೆ ಎರದು ಒಂದು ದಿನ ಬಿಟ್ಟರೆ ಕನ್ನಟಿ ಹಾಂಗೆ ಗಟ್ಟಿ ಆವುತ್ತು. ನೋಡ್ಲೆ ಲಾಯ್ಕ, ಸುಳ್ಳು ಹೇಳ್ತಿಲ್ಲೆ. ಆದರೆ ಕಳುದ ವರ್ಷ ಅದರ ಎರಡೂ ಕೈಲಿ ಕೆಂಪು ಕೆಂಪು ಎದ್ದು ತೊರಿಕೆ ಸುರುವಾತು. ಚರ್ಮದ ಡಾಕ್ಟ್ರು ನೋಡಿ, ಗಟ್ಟಿ ಆಗದ್ದ ಎಪಾಕ್ಸಿ ಕೈಗೆ ತಾಗ್ಲಾಗ, ಗ್ಲೌಸು ಹಾಕೆಕ್ಕು, ಕಿಟಿಕಿ ಒಡದು ಮಡುಗೆಕ್ಕು, ಒಂದರಿ ಮೈಗೆ ಆಗದ್ದೆ ಬಂದರೆ ಮತ್ತೆ ರಜ್ಜ ತಾಗಿರೂ ಏಳುಗು ಹೇಳಿದವಡ.

ಅಷ್ಟಾಗಿಯೂ ಮಗಳು ಫೋನಿಲ್ಲಿ ಹೇಳಿತ್ತು, "ಅಮ್ಮಾ, ಅಜ್ಜಿಯ ಮಾಲೆಯ ಕಳುಸು, ಆನು ಬ್ಲಾಕು ಮಾಡಿ ಕೊಡ್ತೆ. ನೂರು ವರ್ಷ ಒಳಿಗು."

ಎನಗೆ ಪಿಸುರು ಬಂತು. "ನಿನ್ನ ಕೈ ತಿಂದ ಆ ವಿಷಲ್ಲಿ ಎನ್ನ ಅಬ್ಬೆಯ ಮಾಲೆಯ ಮುಳುಗುಸಲೆ ಆನು ಕೊಡೆ. ಎಂಗಳ ಗುಡ್ಡೆಲಿ ರಾಳ ಇದ್ದು. ದೇವರಿಂಗೆ ಹಾಕುವ ವಸ್ತು. ಅದರಲ್ಲೇ ಮಾಡ್ತೆ ನೋಡು" ಹೇಳಿದೆ. ಹಟ ಹೇಳಿರೆ ಹಟ. ಅಬ್ಬೆಯ ಮಗಳಲ್ಲದೊ ಆನುದೇ.

ಕೆಲಸ ಸುರು ಮಾಡಿದ ಮೇಲೆ ಗೊಂತಾತು, ದೇವರೊಳಣ ಕರಡಿಗೆಲಿ ದೂಪ ಹೇಳಿ ಇಪ್ಪದೆಲ್ಲ ಒಂದೇ ಜಾತಿ ಅಲ್ಲ ಹೇಳಿ. ಐವತ್ತು ವರ್ಷ ಹೊಗೆ ಹಾಕಿದ್ದೆ, ಒಂದು ದಿನವೂ ನೋಡಿದ್ದಿಲ್ಲೆ.

ಸಾಂಬ್ರಾಣಿ ನಮ್ಮ ಊರಿನದಲ್ಲ. ಸುಮಾತ್ರ, ಲಾವೋಸ್ ಹೊಡೆಲಿ ಬೆಳವ ಮರಂಗಳ ಅಂಟು ಅದು. ನೀರಿಲ್ಲಿ ಕರಗ, ಸ್ಪಿರಿಟ್ಟಿಲ್ಲಿ ಕರಗುತ್ತು. ರಜ್ಜ ಬೆಶಿಗೇ ಮೆಸ್ತಂಗೆ ಆವುತ್ತು, ಪರಿಮ್ಮಳವೂ ಭಾರೀ ಚೆಂದ. ಆದರೆ ಅಂಗುಡಿಲಿ ಕಪ್ಪಿನ ಹಾಂಗೆ ಮಾಡಿ ಕೊಡ್ತವನ್ನೆ, ಅದರಲ್ಲಿ ಮಸಿ ಹುಡಿ, ಸೆಗಣ ಹುಡಿ ಎಲ್ಲ ಇಪ್ಪ ಕಾರಣ ಅದು ಹೊತ್ತುಸುಲೆ ಮಾಂತ್ರ ಆತಷ್ಟೆ, ಕೈಕೆಲಸಕ್ಕೆ ಏನೇನೂ ಆಗ.

ಗುಗ್ಗುಳದ್ದು ಬೇರೆಯೇ ಗುಣ. ಅದು ಅರ್ಧ ಗೋಂದು, ಅರ್ಧ ರಾಳ. ಕಿಚ್ಚಿಂಗೆ ಹಿಡುದರೆ ಕರಗುತ್ತಿಲ್ಲೆ, ಉಬ್ಬಿ ಕರಂಚುತ್ತು. ಬೆಶಿನೀರಿಲ್ಲಿ ನೆನೆ ಹಾಕಿರೆ ಹಿಟ್ಟಿನ ಹಾಂಗೆ ನಾದಲೆ ಬತ್ತು. ಆನು ಅದಕ್ಕೆ ಗಂಧದ ಹುಡಿ ಬೆರುಸಿ, ಮಣಿ ಉರುಟು ಮಾಡಿ, ಸೂಜಿಲಿ ಒಟ್ಟೆ ಮಾಡಿ ನೆರಳಿಲ್ಲಿ ಒಣಗುಸಿದೆ. ಒಂದು ಜೆಪಮಾಲೆ ಆತು. ಕೈಲಿ ಹಿಡುದರೆ ಕೈಯ ಬೆಶಿಗೆ ಪರಿಮ್ಮಳ ಬತ್ತು. ಇಷ್ಟು ಲಾಯ್ಕ ಆದ್ದರ ಮತ್ತೆ ಎಂತಕೆ ಮಾಡಿದ್ದಿಲ್ಲೆ ಹೇಳಿರೆ, ಗುಗ್ಗುಳದ ಗೆಡು ರಾಜಸ್ಥಾನ, ಗುಜರಾತಿನ ಒಣ ಭೂಮಿಲಿ ಅಪ್ಪದು. ಅಂಟು ಹೆಚ್ಚು ಬರಲಿ ಹೇಳಿ ಸಿಕ್ಕಾಬಟ್ಟೆ ಗಾಯ ಮಾಡಿ ಮಾಡಿ ಗೆಡುವೇ ಸಾಯ್ತಾ ಇದ್ದಡ. ಅಳಿವಿನ ಅಂಚಿಲ್ಲಿಪ್ಪ ಜಾತಿಗಳ ಪಟ್ಟಿಲಿ ಅದರ ಹೆಸರು ಇದ್ದು. ಮದ್ದಿಂಗೆ ಬೇಕಪ್ಪ ವಸ್ತುವಿನ ಮಣಿ ಮಾಡಿ ಕೊರಳಿಂಗೆ ಹಾಕುದು ಬೇಡ ಹೇಳಿ ಕಂಡತ್ತು. ಒಂದು ಮಾಲೆಗೇ ನಿಲ್ಸಿದೆ.

ಹಾಲುಮಡ್ಡಿಯ ಕತೆ ಕೇಳಿರೆ ನಿಂಗೊ ನೆಗೆ ಮಾಡುವಿ. ಮಸಾಲೆ ಊದುಬತ್ತಿಗೆ ಹಾಕುವ ಅಂಟು ಅದು. ಚಪಾತಿ ಹಿಟ್ಟಿನ ಹಾಂಗೆ ಮೆಸ್ತಂಗೆ ಇಪ್ಪದು. ಅದರಲ್ಲಿ ಸಣ್ಣ ಗೆಣವತಿಯ ಮಾಡಿದೆ. ಮೂಗು, ಹೊಟ್ಟೆ, ಎಲಿ ಎಲ್ಲ ಚೆಂದಕೆ ಬಂತು. ಆದರೆ ಆ ಅಂಟು ಗಾಳಿಯ ಪಸೆಯ ಎಳಕ್ಕೊಳ್ತು. ನಮ್ಮ ಆಟಿ ಮಳೆ ಗೊಂತಿದ್ದನ್ನೆ. ಎಂಟು ದಿನಲ್ಲಿ ಗೆಣವತಿ ಎಲಿಯ ಮೇಲೆಯೇ ಕೂದುಬಿಟ್ಟ.

ಇನ್ನು ನಮ್ಮ ರಾಳ. ನಮ್ಮ ಗುಡ್ಡೆಗಳಲ್ಲಿ ರಾಳ ಕೊಡುವ ಮರ ಮುಖ್ಯವಾಗಿ ಎರಡು. ಒಂದು ಮಾರ್ಗದ ಕರೆಲಿ ಸಾಲು ಸಾಲು ನೆಡ್ತ ದೂಪದ ಮರ. ಚಿಗುರು ಕೆಂಪು, ಹೂಗು ಬೆಳಿ, ಮಳೆ ಸುರುವಪ್ಪಗ ಕಾಯಿ ಬೀಳ್ತು. ಅದರ ಬಿತ್ತಿಂದ ತೆಗವ ತುಪ್ಪದ ಹಾಂಗಿಪ್ಪ ಎಣ್ಣೆ ಸಾಬೂನಿಂಗೆ ಹೋವುತ್ತು. ಅದರ ರಾಳ ಬೆಳಿ, ಇಲ್ಲದ್ದರೆ ಹಳದಿ ಕಲ್ಲುಸಕ್ಕರೆ ಹಾಂಗೆ. ಇನ್ನೊಂದು ಒಳಕಾಡಿನ ಮರ, ಅದರ ರಾಳ ಕಪ್ಪು, ಹೊಳವ ಕಪ್ಪು. ಎರಡೂ ನೀರಿಲ್ಲಿ ಕರಗ. ಬೆಶಿ ಮಾಡಿರೆ ಕರಗುಗು, ತಣುದರೆ ಗಾಜಿನ ಹಾಂಗೆ ಗಟ್ಟಿ ಅಕ್ಕು.

"ಗಾಜಿನ ಹಾಂಗೆ" ಹೇಳ್ತ ಆ ಒಂದು ಮಾತಿಲ್ಲೇ ಆನು ಜಾರಿ ಬಿದ್ದದು.

ಮದಾಲು ಜಾಲಿನ ಗೋರಟೆ ಹೂಗಿಲ್ಲಿ ಪ್ರಯೋಗ ಮಾಡಿದೆ. ಬೆಳಿ ರಾಳವ ಹೆರ್ಕಿ, ಮಣ್ಣು ಕಸವು ತೆಗದು, ಸಣ್ಣ ಕಿಚ್ಚಿಲ್ಲಿ ಕರಗುಸಿ, ಸ್ಟೀಲಿನ ಗ್ಲಾಸಿಲ್ಲಿ ಒಣಗಿದ ಹೂಗು ಮಡುಗಿ ಅದರ ಮೇಲಂಗೆ ಎರದೆ. ಚುಂಯ್ ಹೇಳಿತ್ತು, ಹೂಗು ಕಪ್ಪಾತು. ಬೆಶಿ ಹೆಚ್ಚಾತಾಯಿಕ್ಕು ಹೇಳಿ ಗ್ರೇಶಿ ರಜ್ಜ ತಣುದ ಮೇಲೆ ಎರದೆ. ಅದು ಜೇನಿನ ಹಾಂಗೆ ದಪ್ಪ ಆಗಿ ಹೂಗಿನ ಎಸಳಿನ ಎಡೆಗೆ ಹೋತೇ ಇಲ್ಲೆ. ಮೂರನೇದು ರಜ್ಜ ಸಮ ಕಂಡತ್ತು, ಆ ಕೊಶಿಲಿ ಅಬ್ಬೆಯ ಮಾಲೆಂದ ಮೂರು ಹೂಗು ಬಿಡುಸಿ ಅದರಲ್ಲಿ ಹಾಕಿದೆ. ಹೊತ್ತೋಪಗ ಚೆಂದ ಇತ್ತು. ಉದಿಯಪ್ಪಗ ನೋಡಿರೆ ಗಟ್ಟಿ ಇಡೀ ಒಡದು ಜೇಡನ ಬಲೆಯ ಹಾಂಗೆ ಗೆರೆ ಬಿದ್ದಿದು. ಕೈಲಿ ತೆಗವಗ ನಾಲ್ಕು ತುಂಡಾತು. ಹೂಗು ಹುಡಿ.

ಅಂದು ಆನು ಆರತ್ತರೆಯೂ ಮಾತಾಡಿದ್ದಿಲ್ಲೆ. ಉಪನಯನದ ಹಿಂದಾಣ ಇರುಳು, ಕಣ್ಣು ಸರಿ ಕಾಣದ್ದರೂ ಲೈಟಿನ ಅಡಿಲಿ ಕೂದು ಕಟ್ಟಿದ ಹೂಗು ಅದು. ಮೂರು ಹೂಗಿನ ಎನ್ನ ಹಟ ತಿಂದತ್ತು.

ಮಗಳಿಂಗೆ ಹೇಳಿಯಪ್ಪಗ ಅದು ಬೈದ್ದಿಲ್ಲೆ. ಸಮಾಧಾನಲ್ಲಿ ಬಿಡುಸಿ ಹೇಳಿತ್ತು. ಎಪಾಕ್ಸಿ ಗಟ್ಟಿ ಅಪ್ಪದು ಎರಡು ದ್ರವ ಒಂದಕ್ಕೊಂದು ಸೇರಿ ಹೊಸ ವಸ್ತು ಆಗಿ. ಅದರ ಎರವಗ ಕಿಚ್ಚು ಬೇಡ, ಆದ ಮತ್ತೆ ತಿರುಗಿ ಕರಗುತ್ತೂ ಇಲ್ಲೆ. ರಾಳ ಹಾಂಗಲ್ಲ. ಅದು ಬೆಶಿಗೆ ಕರಗಿ ತಂಪಿಂಗೆ ಗಟ್ಟಿ ಅಪ್ಪದು, ಬೆಲ್ಲದ ಪಾಕದ ಹಾಂಗೆ. ಕರಗುವ ಬೆಶಿಗೆ ಹೂಗು ಕರಂಚುಗು, ತಣಿವಗ ಅದು ಕುಗ್ಗಿ ಒಡಗು. ಟರ್ಪೆಂಟೈನಿಲ್ಲಿ ಕರಗುಸಿ ಎರದರೂ ಎಣ್ಣೆ ಆರುವಗ ಕುಗ್ಗುಗು. ಇದರ ಎರಡು ಮಾತಿಲ್ಲಿ ಹೇಳಿತ್ತು ಮಗಳು, "ಅಮ್ಮಾ, ಹೆಸರು ಒಂದೇ ಆದರೆ ಗುಣ ಒಂದಾವುತ್ತೋ?"

ಮತ್ತೊಂದು ಶುದ್ದಿಯನ್ನೂ ಹೇಳಿತ್ತು. ಗುಜರಾತಿನ ವಸ್ತಾನ್ ಹೇಳ್ತ ಗಣಿಲಿ ಸುಮಾರು 5 ಕೋಟಿ ವರ್ಷ ಹಿಂದಾಣ ರಾಳ ಸಿಕ್ಕಿದ್ದಡ. ಅದರ ಒಳ ಎರುಗು, ನೆಳವು ಎಲ್ಲ ಇಪ್ಪ ಹಾಂಗೆ ಇದ್ದಡ. ಅದು ನಮ್ಮ ದೂಪದ ಮರದ ಕುಟುಂಬದ್ದೇ ಮರಂಗಳ ರಾಳ ಹೇಳಿ ವಿಜ್ಞಾನಿಗೊ ಹೇಳ್ತವಡ. ಅದರ ಅಂಬರ್ ಹೇಳುದು. ಹೇಳಿರೆ ಹೂಗಿನ ರಾಳದ ಒಳ ಮಡುಗುಲೆ ಎಡಿಯದ್ದೆ ಅಲ್ಲ. ಮರ ತನ್ನಷ್ಟಕೆ ತಣ್ಣಂಗೆ ಒಸರೆಕ್ಕು, ಮಣ್ಣಿನ ಅಡಿಲಿ ಕೋಟಿ ಕೋಟಿ ವರ್ಷ ಮನುಗೆಕ್ಕು. ಆನು ಅದರ ಒಂದು ಇರುಳಿಲ್ಲಿ ಬಣಾಲೆಲಿ ಮಾಡ್ಲೆ ಹೆರಟದು.

ಇನ್ನು ಕಿಚ್ಚಿನ ಸಂಗತಿ. ಇದರ ಓದದ್ದೆ ಆರೂ ರಾಳ ಕರಗುಸಲೆ ಹೋಗೆಡಿ.

ಆಟ ನೋಡದ್ದವು ನಮ್ಮಲ್ಲಿ ಆರಿದ್ದವು? ಬಣ್ಣದ ವೇಷ ಬಪ್ಪಗ ದೊಂದಿಗೆ ಎಂತರ ಎರಚುದು? ರಾಳದ ಹುಡಿ. ಭುಗ್ಗ ಹೇಳಿ ಮಾಳಿಗೆ ಎತ್ತರಕ್ಕೆ ಕಿಚ್ಚು ಹೋಪದರ ಸಣ್ಣಾದಿಪ್ಪಗ ಅಬ್ಬೆಯ ಮಡಿಲಿಲ್ಲಿ ಕೂದು ನೋಡಿ ಬೊಬ್ಬೆ ಹೊಡದ್ದೆ. ಪಾಂಡವರ ಸುಡ್ಲೆ ದುರ್ಯೋಧನ ಕಟ್ಟುಸಿದ ಅರಗಿನ ಮನೆ ಕತೆಯನ್ನೂ ಕೇಳಿದ್ದೆ. ಇಷ್ಟೆಲ್ಲ ಗೊಂತಿದ್ದೊಂಡೂ, ಜೋರು ಮಳೆ ಬಪ್ಪ ಒಂದು ದಿನ, ಹಟ್ಟಿ ಕರೆಂಗೆ ಹೋಪಲೆ ಉದಾಸೀನ ಆಗಿ, ಅಡಿಗೆಕೋಣೆಯ ಗ್ಯಾಸಿಲ್ಲಿ ರಾಳದ ಬಣಾಲೆ ಮಡುಗಿದೆ. ಫೋನು ಬಂತು. ಎರಡು ಮಾತಾಡಿ ಬಪ್ಪಗ ಹೊಗೆ. ಹತ್ತರೆ ಹೋಪಗ ಹೊಗೆಗೇ ಕಿಚ್ಚು ಹಿಡುದತ್ತು. ಕೊಡಪಾನದ ನೀರಿಂಗೆ ಕೈ ಹಾಕಿದ್ದೆ. ಅಷ್ಟಪ್ಪಗ ಎಂಗಳವು ಓಡಿಬಂದು ಗ್ಯಾಸು ಬಂದ್ ಮಾಡಿ ದೋಸೆ ಕಾವಲಿಗೆಯ ಬಣಾಲೆ ಮೇಲೆ ಕವುಂಚಿ ಹಾಕಿದವು. ಕಿಚ್ಚು ಸತ್ತತ್ತು. ನೀರು ಹಾಕಿದ್ದರೆ ಉರಿವ ರಾಳ ಹಾರಿ ಎನ್ನ ಮೋರೆಗೆ ಬೀಳ್ತಿತ್ತು. ಬಾಗಿಲಿನ ಹತ್ತರೆ ನೆರೆಮನೆಯ ನಾಲ್ಕು ವರ್ಷದ ಮಾಣಿ ನಿಂದೊಂಡು ನೋಡ್ತಾ ಇತ್ತಿದ್ದ. ಆ ಮಕ್ಕಳ ಕಣ್ಣು ಈಗಳೂ ಎನ್ನ ಕಣ್ಣ ಮುಂದೆ ಬತ್ತು.

ಮಗಳ ಕುಪ್ಪಿಗೆ ವಿಷ ಹೇಳಿದ ಆನು ಎಂತ ಮಾಡಿದೆ? ದೇವರಿಂಗೆ ಹಾಕುವ ವಸ್ತು ನವಗೆ ಕೆಟ್ಟದು ಮಾಡುಗೊ ಹೇಳಿ ಜಾಗ್ರತೆಯನ್ನೇ ಬಿಟ್ಟೆ. ಅದು ಗ್ಲೌಸು ಹಾಕುತ್ತು, ಕಿಟಿಕಿ ಒಡದು ಮಡುಗುತ್ತು. ಎನಗೆ ಅಷ್ಟೂ ಬುದ್ಧಿ ಇತ್ತಿಲ್ಲೆ. ಹಾಂಗಾಗಿ ಹೇಳುದು, ರಾಳ ಕರಗುಸುತ್ತರೆ ಮನೆಯ ಹೆರವೇ ಆಯೆಕ್ಕು. ಒಲೆಯ ಕಿಚ್ಚು ತಾಗದ್ದ ಹಾಂಗೆ ಕೆಂಡದ ಮೇಲೆ, ಅಡಿ ದಪ್ಪದ ಪಾತ್ರಲ್ಲಿ, ಅರ್ಧಂದ ಕಮ್ಮಿ ಹಾಕಿ ಕರಗುಸೆಕ್ಕು. ಸರಿಯಾಗಿ ಮುಚ್ಚುವ ಒಂದು ಮುಚ್ಚಲು ಕೈಗೆ ಎತ್ತುವ ಹಾಂಗೆ ಇರೆಕ್ಕು, ಕರೆಲಿ ಹೊಯಿಗೆ ಇರೆಕ್ಕು. ನೀರು ಹಾಕಲೇ ಆಗ. ಟರ್ಪೆಂಟೈನು ಇದ್ದರೆ ಅದರ ಹತ್ತರೆ ಕಿಚ್ಚೇ ಬೇಡ. ಸೆರಗು ಸೊಂಟಕ್ಕೆ ಸಿಕ್ಕುಸೆಕ್ಕು, ಮಕ್ಕಳ ಹತ್ತರೆ ಸೇರ್ಸಲಾಗ. ಕರಗುಸಿದ ಪಾತ್ರವ ಮತ್ತೆ ಅಡಿಗೆಗೆ ತಪ್ಪಲಾಗ. ಆ ಹೊಗೆ ಒಳ್ಳೆದು ಹೇಳಿ ಮೂಗು ಹಿಡುದು ಎಳವದೂ ಬೇಡ. ಉಬ್ಬಸ ಇಪ್ಪವು ಆ ಹೊಡೆಂಗೇ ಹೋಪಲಾಗ.

ಇಷ್ಟೆಲ್ಲ ಹಾಳು ಮಾಡಿಕ್ಕಿ ರಾಳವ ಬಿಟ್ಟುಬಿಡುವೆ ಹೇಳಿ ಕೂದಿತ್ತಿದ್ದೆ. ಎನ್ನ ದಾರಿಗೆ ತಂದದು ಅಬ್ಬೆಯ ಮರಿಗೆ.

ಸಣ್ಣಾದಿಪ್ಪಗ ಎಂಗಳಲ್ಲಿ ಕೊಡಪಾನ ಒಟ್ಟೆ ಆದರೆ ಹಲಸಿನ ಮೇಣವ ಬೆಶಿ ಮಾಡಿ ಮೆತ್ತುಗು. ಹಲಸಿನಕಾಯಿ ಕೊರವಗ ಮೇಣವ ಒಂದು ಕೋಲಿಂಗೆ ಸುತ್ತಿ ಮಡುಗುಗು, ಇಡುಕ್ಕವು. ಬಳೆ ಮಾಡುವ ಆಚಾರಿ ಚಿನ್ನದ ಪೊಳ್ಳು ಒಳಾಂಗೆ ಅರಗು ತುಂಬುಸುದು ಕಂಡಿದೆ. ನಕ್ಕಾಶಿ ಹೊಡವಗ ತಗಡು ಅಲುಗದ್ದ ಹಾಂಗೆ ರಾಳ, ಇಟ್ಟಿಗೆ ಹುಡಿ, ಎಣ್ಣೆ ಸೇರ್ಸಿದ ಗಟ್ಟಿಯ ಮೇಲೆ ಕೂರ್ಸಿ ಹೊಡವದೂ ಕಂಡಿದೆ. ಹಳೆ ಕಾಲಲ್ಲಿ ಕಡಲ ಕರೆಯವು ಓಡದ ಹಲಗೆಯ ಸಂದಿಗೆ ರಾಳ ಎಣ್ಣೆ ಕಾಸಿ ಮೆತ್ತುಗಡ. ತಮಿಳುನಾಡಿನ ಸ್ವಾಮಿಮಲೆಲಿ ಪಂಚಲೋಹದ ಮೂರ್ತಿ ಎರವವು ಮದಾಲು ಮಾಡುವ ಮೇಣದ ಮೂರ್ತಿಗೂ ಜೇನುಮೇಣದೊಟ್ಟಿಂಗೆ ರಾಳ ಸೇರ್ಸುತ್ತವು. ಚನ್ನಪಟ್ಟಣದ ಬೊಂಬೆಯ ಬಣ್ಣವೂ ಅರಗೇ. ಅದು ಮರದ ಅಂಟಲ್ಲ, ಹುಳು ಮಾಡುವ ರಾಳ.

ಎಲ್ಲದಕ್ಕಿಂತ ದೊಡ್ಡದು ನಮ್ಮ ಕಣ್ಣೆದುರೇ ಇದ್ದು. ದೇವಸ್ಥಾನಲ್ಲಿ ಸಾಮಾನ್ಯವಾಗಿ 12 ವರ್ಷಕ್ಕೊಂದರಿ ಬ್ರಹ್ಮಕಲಶ ಅಪ್ಪಗ ಅಷ್ಟಬಂಧ ಹಾಕುತ್ತವಲ್ಲದೊ? ಪೀಠಲ್ಲಿ ದೇವರ ಬಿಂಬವ ಗಟ್ಟಿ ನಿಲ್ಸುವ ಅಂಟು ಅದು. ಎಂಟು ವಸ್ತು ಎಂತೆಂತರ ಹೇಳುದರಲ್ಲಿ ರಜ್ಜ ರಜ್ಜ ವೆತ್ಯಾಸ ಇದ್ದು. ಆದರೆ ರಾಳ, ಅರಗು, ಜೇನುಮೇಣ, ಕಾವಿಕಲ್ಲು, ಬೆಣ್ಣೆ ಹೀಂಗಿಪ್ಪದು ಇರ್ತು. ಅದರ ದಿನಗಟ್ಲೆ ಕುಟ್ಟಿ ಕುಟ್ಟಿ ಹದ ಮಾಡೆಕ್ಕು. ಕಳುದ ಬ್ರಹ್ಮಕಲಶಕ್ಕೆ ಎಂಗಳವುದೇ ಕುಟ್ಲೆ ಹೋಗಿ ತೋಳು ಬೇನೆ ಮಾಡ್ಯೊಂಡು ಬಂದಿತ್ತಿದ್ದವು. ಆನು ಎಣ್ಣೆ ಕಿಟ್ಟಿ ಕೊಟ್ಟಿದೆ. ಆದರೆ "ಎಂತರ ಕುಟ್ಟಿದ್ದು?" ಹೇಳಿ ಒಂದು ಮಾತು ಕೇಳಿದ್ದಿಲ್ಲೆ.

ಇದೆಲ್ಲವ ಒಟ್ಟು ಹಾಕಿ ನೋಡಿರೆ ಒಂದು ಸಂಗತಿ ಕಾಣ್ತು. ಹಳಬ್ಬರು ರಾಳವ ಎಲ್ಲಿಯೂ ಒಂದೇ ಒಂದಾಗಿ ಗಾಜಿನ ಹಾಂಗೆ ಬಳಸಿದ್ದವಿಲ್ಲೆ. ಮೇಣ, ಎಣ್ಣೆ, ಹುಡಿ ಎಂತಾರೂ ಸೇರ್ಸಿಯೇ ಬಳಸಿದ್ದು. ರಾಳಕ್ಕೆ ಹಿಡಿವ ಗುಣ ಇದ್ದು, ಬಗ್ಗುವ ಗುಣ ಇಲ್ಲೆ. ಮೇಣಕ್ಕೆ ಬಗ್ಗುವ ಗುಣ ಇದ್ದು, ಹಿಡಿತ್ತ ಗುಣ ಕಮ್ಮಿ. ಎರಡೂ ಸೇರಿರೆ ಸಂಸಾರ.

ಆನು ಮಾಡಿದ ಲೆಕ್ಕ ಹೀಂಗೆ. ಎರಡು ಚಮಚ ಬೆಳಿ ರಾಳದ ಹುಡಿಯ ಕೆಂಡದ ಮೇಲೆ ನಿಧಾನಕೆ ಕರಗುಸಿ, ಹಳೆ ಹತ್ತಿಬಟ್ಟೆಲಿ ಸೋಸಿ, ಅದಕ್ಕೆ ಒಂದು ಚಮಚ ಜೇನುಮೇಣ ಹಾಕಿದೆ. ಕರಗಿದ ಮೇಲೆ ಒಂದು ಚಮಚ ನೊಂಪು ಇಟ್ಟಿಗೆ ಹುಡಿ, ನಾಲ್ಕು ಹನಿ ತೆಂಗಿನೆಣ್ಣೆ. ಒಂದು ಹನಿಯ ತಣ್ಣೀರಿಂಗೆ ಬಿಟ್ಟು, ತೆಗದು ಬಗ್ಗುಸಿ ನೋಡೆಕ್ಕು. ಟಕ್ಕ ಹೇಳಿ ಮುರುದರೆ ಮೇಣ ಸಾಲದ್ದು, ಅಂಟಿಗೊಂಡರೆ ರಾಳ ಸಾಲದ್ದು. ನಾಲ್ಕನೇ ಸರ್ತಿಗೆ ಹದ ಬಂತು. ಮರಿಗೆಯ ಬಿಸಿಲಿಲ್ಲಿ ಮಡುಗಿ ಬೆಶಿ ಮಾಡಿ, ಬಿರುಕಿನ ಸಣ್ಣ ಪೀಶಕತ್ತಿಲಿ ಕೆರಸಿ ಹೊಡಿ ತೆಗದು, ಅದಕ್ಕೆ ತುಂಬುಸಿ, ತಣುದ ಮೇಲೆ ಹೆಚ್ಚಿಗೆದರ ಕೆರಸಿ ತೆಗದೆ. ಕೆಂಪು ಗೆರೆ ಒಂದು ಕಾಣ್ತು, ಹೊಲುದ ಹಾಂಗೆ. ನೀರು ಹಾಕಿ ಇರುಳಿಡೀ ಮಡುಗಿದೆ. ಒಂದು ಹನಿ ಹೆರ ಬಯಿಂದಿಲ್ಲೆ.

ಅದರಲ್ಲಿ ಈಗ ತಿಂಬ ವಸ್ತು ಹಾಕುತ್ತಿಲ್ಲೆ, ಬೆಶಿದಂತೂ ಹಾಕಲೇ ಆಗ. ಉದಿಯಪ್ಪಗ ದೇವರ ಹೂಗು ಕೊಯಿವದು ಅದಕ್ಕೇ. ಅಬ್ಬೆಯ ಮಾಲೆ? ಅದರ ಡಬ್ಬಿಲಿಯೇ ಮಡುಗಿದ್ದೆ. ಎಪಾಕ್ಸಿಗೂ ಕೊಟ್ಟಿದಿಲ್ಲೆ, ರಾಳಕ್ಕೂ ಹಾಕಿದ್ದಿಲ್ಲೆ. ಹೂಗು ಅಲ್ಲದೊ, ಒಂದು ದಿನ ಹುಡಿ ಅಕ್ಕು. ಡಬ್ಬಿಯ ಮುಚ್ಚಲಿನ ಸಂದಿಗೆ ಮಾಂತ್ರ ಮೇಣ ರಾಳದ ಅಂಟು ಕಿಟ್ಟಿದ್ದೆ, ಪಸೆ, ಎರುಗು ಹೋಗದ್ದ ಹಾಂಗೆ.

ಮಗಳು ಕೇಳುಗು, "ಅಂಬಗ ಎನ್ನ ಕೆಲಸ ತಪ್ಪೋ ಅಮ್ಮಾ?" ಹೇಳಿ. ತಪ್ಪು ಹೇಳ್ತಿಲ್ಲೆ. ಅದರ ಕೈ ಖರ್ಚಿಂಗೆ ಅದು ದುಡಿತ್ತು. ಹೂಗಿನ ಗಾಜಿನ ಹಾಂಗೆ ನೋಡೆಕ್ಕು ಹೇಳಿಪ್ಪವಕ್ಕೆ ಎಪಾಕ್ಸಿಯೇ ಆಯೆಕ್ಕು, ರಾಳಂದ ಎಡಿಯ. ಕೈ ಜಾಗ್ರತೆ ಮಾಡಿಗೊಂಡು ಮಾಡ್ಲಿ. ಆದರೆ ಅದುದೇ ವರ್ಷ ಹೋದ ಹಾಂಗೆ ಹಳದಿ ಆವುತ್ತು, ಮಣ್ಣಿಂಗೆ ಹಾಕಿರೆ ಕರಗುತ್ತಿಲ್ಲೆ ಹೇಳಿ ಮಾರುವಗ ಹೇಳೆಕ್ಕು. ಹಾಂಗೇ ರಾಳದ ಓಲೆ, ರಾಳದ ಮಣಿ ಹೇಳಿ "ಪೂರಾ ನೈಸರ್ಗಿಕ" ಚೀಟಿ ಅಂಟುಸಿ ಮಾರುವವುದೇ, ಅದು ಬಿಸಿಲಿಂಗೆ ಮೆಸ್ತಂಗೆ ಅಕ್ಕು, ಬಿದ್ದರೆ ಒಡಗು, ಮರ ಎಲ್ಲಿಯದು ಹೇಳಿ ಹೇಳೆಕ್ಕು.

ಮರದ ಸಂಗತಿಗೆ ಬಂದೆ. ಇದೇ ಎನ್ನ ಮನಸ್ಸಿಲ್ಲಿ ಹೆಚ್ಚು ಕೊರವದು.

ಎಂಗಳ ಗುಡ್ಡೆ ಕರೆಲಿ ಒಂದು ದೂಪದ ಮರ ಇದ್ದು. ಎರಡು ಜೆನ ಕೈ ಹಿಡುದರೂ ಸುತ್ತುಲೆ ಎಡಿಯ. ಮಾವನ ಅಪ್ಪ ನೆಟ್ಟದು ಹೇಳ್ತವು. ಕಳುದ ವರ್ಷಂದ ಒಬ್ಬ ಮರದ ವ್ಯಾಪಾರಿ ಬಂದೊಂಡಿದ್ದ. ಪ್ಲೈವುಡ್ಡಿಂಗೆ ಲಾಯ್ಕ ಆವುತ್ತಡ, ಪರ್ಮಿಶನು ಎಲ್ಲ ಅವನೇ ನೋಡಿಗೊಳ್ತನಡ. ಅಡಕ್ಕೆಗೆ ಎಲೆಚುಕ್ಕಿ ರೋಗ ಬಂದು ತೋಟಲ್ಲಿ ಅರ್ಧಕ್ಕರ್ಧ ಇಲ್ಲೆ. ಮನೆಯ ಮಾಡು ಬಿಡುಸಿ ಹಾಕದ್ದೆ ಕಳಿಯ. ಎಂಗಳವಕ್ಕೆ ಕೊಡುವ ಮನಸ್ಸು ಬಂದದು ಆಶೆಂದ ಅಲ್ಲ, ಬಂಙಂದ. ಅದರ ಆನು ಬೈವಲೆ ಎಡಿಯ.

ರಾಳ ಮಾರಿ ಮಾಡು ಹಾಕುಸುವೆ ಹೇಳುವ ಹೆಡ್ಡತನ ಎನಗಿಲ್ಲೆ. ಆರು ತಿಂಗಳು ಆ ಮರದ ಅಡಿಲಿ, ಗೆಲ್ಲು ಮುರುದಲ್ಲಿ, ಚೋಲಿ ಒಡದಲ್ಲಿ ಹೆರ್ಕಿ ಹೆರ್ಕಿ ಆದ್ದು ಒಂದು ಕುಪ್ಪಿ ರಾಳ. ಅದರ ಮಾರಿರೆ ನಾಲ್ಕು ಹಂಚಿಂಗೂ ಸಾಲ. ಹೆಚ್ಚು ಬೇಕಾದರೆ ಮರವ ಕಡಿಯೆಕ್ಕು, ಬುಡಲ್ಲಿ ಕಿಚ್ಚು ಹಾಕೆಕ್ಕು. ಕಪ್ಪು ರಾಳದ ಮರಂಗೊಕ್ಕೆ ಕಾಡಿಲ್ಲಿ ಹಾಂಗೆ ಮಾಡಿ ಮಾಡಿ ಮರವೇ ಒಣಗಿ ಹೋಪದಿದ್ದು. ಹಾಂಗಾಗಿ ಈ ಕೈಕೆಲಸ ದೊಡ್ಡ ವ್ಯಾಪಾರ ಅಪ್ಪದೇ ಬೇಡ ಹೇಳಿ ಎನ್ನ ಅಭಿಪ್ರಾಯ. ಮರ ತಾನಾಗಿ ಬಿಟ್ಟಷ್ಟು ರಾಳಲ್ಲಿ, ಮನೆಲಿ ಒಡದ್ದರ ಸರಿ ಮಾಡುವಷ್ಟು ಕೆಲಸ. ಅದಕ್ಕಿಂತ ಹೆಚ್ಚಿಗೆ ಬೇಕು ಹೇಳಿ ಕಂಡರೆ ನಾವು ರಾಳದ ಕೆಲಸ ಅಲ್ಲ, ಮರದ ಕೊಲೆ ಮಾಡ್ತಾ ಇದ್ದು ಹೇಳಿ ಲೆಕ್ಕ.

ಮರಿಗೆ ಸರಿ ಆದ ದಿನ ಎಂಗಳವು ಅದರ ಎತ್ತಿ, ಅಡಿಮೇಲು ಮಾಡಿ, ಆ ಕೆಂಪು ಗೆರೆಯ ಬೆರಳಿಲ್ಲಿ ಉದ್ದಿ ನೋಡಿದವು. ಎಂತ ಹೇಳಿದ್ದವಿಲ್ಲೆ. ಮರುದಿನ ವ್ಯಾಪಾರಿಯ ಫೋನು ಬಪ್ಪಗ "ಮಳೆ ಕಳಿಯಲಿ, ನೋಡುವ" ಹೇಳಿದವು. ಮಳೆ ಕಳುದ ಮೇಲೆ ಎಂತ ಹೇಳುಗು, ಎನಗೆ ಗೊಂತಿಲ್ಲೆ. ಮಾಡು ಈಗಳೂ ಸೋರುತ್ತು. ಮನೆಯೊಳ ಮೂರು ಕಡೆ ಪಾತ್ರ ಮಡುಗಿದ್ದೆ.

ಈಗ ಮರದ ಅಡಿಲಿ ಕಾಯಿ ಬಿದ್ದು ಅಲ್ಲಲ್ಲಿಯೇ ಮೊಳಕೆ ಬಯಿಂದು. ದೂಪದ ಬಿತ್ತಿನ ತೆಗದು ಮಡುಗುಲೆ ಎಡಿಯ, ಒಣಗಿರೆ ಸತ್ತತ್ತು. ಬಿದ್ದ ಕೂಡ್ಲೆ ಮಣ್ಣಿಂಗೆ ಹಾಕೆಕ್ಕು. ಆನು ಹಾಲಿನ ತೊಟ್ಟೆಲಿ ಇಪ್ಪತ್ತು ಗೆಡು ಮಾಡಿ ಜಾಲಿನ ಕರೆಲಿ ಸಾಲಾಗಿ ಮಡುಗಿದ್ದೆ. ಇದರಲ್ಲಿ ರಾಳ ಹೆರ್ಕುಲೆ ನಾವು ಇರ್ತಿಲ್ಲೆ, ನಮ್ಮ ಮಕ್ಕಳ ಮಕ್ಕೊ ಹೆರ್ಕುಗು. ಜಾಗೆ ಇಪ್ಪವು ಬಂದು ತೆಕ್ಕೊಂಡು ಹೋಗಿ. ಬಪ್ಪಗ ನಿಂಗಳ ಅಜ್ಜಿಯಕ್ಕೊ ರಾಳಲ್ಲಿ, ಹಲಸಿನ ಮೇಣಲ್ಲಿ ಎಂತೆಲ್ಲ ಅಂಟುಸಿಗೊಂಡಿತ್ತಿದ್ದವು ಹೇಳಿ ನೆಂಪು ಮಾಡಿಗೊಂಡು ಬನ್ನಿ. ದೊಡ್ಡತ್ತೆ ಬಂದರೆ ಅವರ ಪ್ರಶ್ನೆಗೆ ಉತ್ತರವ ಚಾಯ ಕುಡುದೊಂಡು ಹೇಳ್ತೆ.